ಓದುಗರ ಪ್ರಶ್ನೆ: ಈಸ್ಟರ್ ಆಯ್ತಲ್ಲ ಟೀಚರ್, ಇನ್ನೇನು?

ಈ ಸಲ ಬಂದಿರೋ ಪತ್ರಗಳೆಲ್ಲ ಹೆಚ್ಚೂಕಮ್ಮಿ ಒಂದೇ ವಿಷಯದ ಮೇಲೆ. ಹಬ್ಬ ಏಪ್ರಿಲ್ 5ಕ್ಕೆ ಆಯ್ತು, ಅದಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲನೂ ಮುಗೀತು, ಆಮೇಲೆ ಹೇಗಿರಬೇಕು ಅಂತ. ಐದು ಪತ್ರ ಆರಿಸಿಕೊಂಡಿದ್ದೀನಿ, ಹೆಸರು ಹಾಕಿಲ್ಲ.

ಪ್ರಶ್ನೆ: ಟೀಚರ್, ತಪಸ್ಸುಕಾಲದಲ್ಲಿ ಮಾಂಸ ಮುಟ್ಟಲಿಲ್ಲ, ಶುಕ್ರವಾರದ ಶಿಲುಬೆ ಹಾದಿ ಒಂದೂ ತಪ್ಪಿಸಲಿಲ್ಲ, ದಿನಾ ರಾತ್ರಿ ಜಪಸರ ಮಾಡ್ತಿದ್ದೆ. ಈಸ್ಟರ್ ದಿನ ಬಿರಿಯಾನಿ ಮಾಡಿ ನೆಂಟರೆಲ್ಲ ಬಂದು ಹೋದ್ರು. ಸೋಮವಾರ ಆಫೀಸು. ಮಂಗಳವಾರದ ಹೊತ್ತಿಗೆ ಒಳಗೆಲ್ಲ ಖಾಲಿ ಖಾಲಿ, ಜಪಸರ ಕೂಡ ಕೈಗೆ ಬರ್ತಿಲ್ಲ. ನಲವತ್ತು ದಿನದ್ದೆಲ್ಲ ನಾಟಕ ಆಗಿತ್ತಾ ಅನ್ನಿಸ್ತಿದೆ. (ಕೆಂಗೇರಿಯಿಂದ)

ಉತ್ತರ: ನಾಟಕ ಖಂಡಿತ ಅಲ್ಲಮ್ಮ, ಮೊದಲು ಆ ಮಾತು ಮನಸ್ಸಿಂದ ತೆಗೀರಿ. ಆದ್ರೆ ನಿಮ್ಮ ಪತ್ರದಲ್ಲಿ ಒಂದು ಲೆಕ್ಕ ತಪ್ಪಿದೆ. ಮಂಗಳವಾರ ಅಂದ್ರಲ್ಲ, ಆ ಮಂಗಳವಾರನೂ ಈಸ್ಟರೇ. ಮೊದಲ ಎಂಟು ದಿನ ಒಂದೊಂದನ್ನೂ ತಿರುಸಭೆ, ಅಂದ್ರೆ ನಮ್ಮ ಕಥೋಲಿಕ ಸಭೆ, ದೊಡ್ಡ ಹಬ್ಬವಾಗೇ ಆಚರಿಸತ್ತೆ, ವಾರದ ದಿನದ ಪೂಜೇಲೂ ಮಹಿಮಾಗೀತೆ ಹಾಡ್ತಾರೆ, ಪೂಜೆ ಕೊನೇಲಿ ಕಳಿಸಿಕೊಡುವಾಗ ಎರಡೆರಡು ಅಲ್ಲೆಲೂಯ. ಆಮೇಲೂ ನಿಲ್ಲಲ್ಲ, ಪವಿತ್ರಾತ್ಮರು ಶಿಷ್ಯರ ಮೇಲೆ ಇಳಿದು ಬಂದ ಪೆಂತೆಕೋಸ್ತ್ ಹಬ್ಬದ ತನಕ ಒಟ್ಟು ಐವತ್ತು ದಿನ, ಈ ವರ್ಷ ಮೇ 24ರ ವರೆಗೆ. ಅಷ್ಟೂ ದಿನ ಸೇರಿ ಒಂದೇ ದೊಡ್ಡ ಭಾನುವಾರ ಅಂತ ಹಿಂದಿನಿಂದ ಹೇಳ್ಕೊಂಡು ಬಂದಿದ್ದಾರೆ. ತಪಸ್ಸಿಗೆ ನಲವತ್ತು ಕೊಟ್ಟು ಸಂತೋಷಕ್ಕೆ ಐವತ್ತು ಕೊಟ್ಟಿರೋ ಧರ್ಮ ನಮ್ಮದು, ನಾವು ನೋಡಿದ್ರೆ ನಲವತ್ತನ್ನ ಪೂರ್ತಿ ಮಾಡಿ ಐವತ್ತನ್ನ ಒಂದು ಮಧ್ಯಾಹ್ನದ ಊಟಕ್ಕೆ ಮುಗಿಸ್ತೀವಿ, ನನಗೆ ನಿಜವಾಗ್ಲೂ ಸಂಕಟ ಆಗತ್ತೆ ಇದು ಕಂಡಾಗ.

ಖಾಲಿ ಅನ್ನಿಸೋದಕ್ಕೆ ನನಗೆ ತೋಚೋ ಕಾರಣ ಹೇಳ್ತೀನಿ. ತಪಸ್ಸುಕಾಲದಲ್ಲಿ ದೇಹಕ್ಕೆ ಕೆಲಸ ಇತ್ತು, ಮಂಡಿ ಊರೋದು, ಹಸಿವು ತಡಕೊಳ್ಳೋದು, ಶುಕ್ರವಾರ ಸಂಜೆ ಓಡಿಬಂದು ಚರ್ಚ್ ಸೇರೋದು. ಹಬ್ಬ ಆದ ತಕ್ಷಣ ಅದೆಲ್ಲ ನಿಂತೋಯ್ತು, ಬದಲಿಗೆ ಏನೂ ಬರಲಿಲ್ಲ. ಸಂತೋಷಪಡಿ ಅಂದ್ರೆ ಬರೀ ಮನಸ್ಸು ಎಲ್ಲಿಂದ ತರತ್ತೆ? ಅದಕ್ಕೇ ದೇಹಕ್ಕೆ ಮತ್ತೆ ಕೆಲಸ ಕೊಡಿ. 325ರಲ್ಲಿ ನಿಸಿಯಾದಲ್ಲಿ ಸೇರಿದ ಮಹಾಸಭೆ, ನಾವು ವಿಶ್ವಾಸ ಪ್ರಮಾಣ ಹೇಳುವಾಗ ನೆನೆಸ್ಕೊಳ್ತೀವಲ್ಲ ಅದೇ ಸಭೆ, ಭಾನುವಾರಗಳಲ್ಲೂ ಈ ಐವತ್ತು ದಿನಗಳಲ್ಲೂ ಮಂಡಿಯೂರದೆ ನಿಂತು ಪ್ರಾರ್ಥನೆ ಮಾಡಬೇಕು ಅಂತ ನಿಯಮನೇ ಮಾಡಿತ್ತು. ಎದ್ದ ಕ್ರಿಸ್ತನ ಮುಂದೆ ಎದ್ದು ನಿಂತ ಜನ. ಈಗ ಪೂಜೇಲಿ ಮಂಡಿಯೂರೋ ಕಡೆ ಊರಲೇಬೇಕು, ಅದು ಬೇರೆ, ಮನೇಲಿ ನೀವೊಬ್ಬರೇ ಮಾಡೋ ಪ್ರಾರ್ಥನೇನ ಮೇ 24ರ ತನಕ ನಿಂತು ಮಾಡಿ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಮೊಬೈಲಲ್ಲಿ ಅಲಾರಂ ಇಡಿ. ಈ ಕಾಲದಲ್ಲಿ ತ್ರಿಕಾಲ ಪ್ರಾರ್ಥನೆ ಬದಲು ಮಾತೆ ಮರಿಯಮ್ಮನವರಿಗೆ "ಸ್ವರ್ಗದ ರಾಣಿಯೇ, ಆನಂದಿಸಿ, ಅಲ್ಲೆಲೂಯ" ಅನ್ನೋ ಪ್ರಾರ್ಥನೆ ಹೇಳ್ತೀವಲ್ಲ, ಆಫೀಸಲ್ಲಿ ಕುರ್ಚಿಯಿಂದ ಎದ್ದು ಕಿಟಕಿ ಹತ್ರ ಹೋಗಿ ಹೇಳಿದ್ರೆ ಒಂದು ನಿಮಿಷ ಆಗಲ್ಲ.

ಇನ್ನೊಂದು, ಈ ಭಾನುವಾರಗಳಲ್ಲಿ ಮೊದಲ ವಾಚನ ಹಳೆಯ ಒಡಂಬಡಿಕೆಯಿಂದ ಇರಲ್ಲ, ಯೇಸುವಿನ ಶಿಷ್ಯರ ಕಥೆ ಹೇಳೋ ಪ್ರೇಷಿತರ ಕಾರ್ಯಕಲಾಪಗಳು ಅನ್ನೋ ಪುಸ್ತಕದಿಂದ ಇರತ್ತೆ, ಗಮನಿಸಿದ್ದೀರಾ? ಒಟ್ಟು 28 ಅಧ್ಯಾಯ. ಎರಡು ದಿನಕ್ಕೊಂದು ಅಂತ ಓದಿದ್ರೂ ಹೆಚ್ಚುಕಮ್ಮಿ ಮುಗಿಯತ್ತೆ. ಬೀಗ ಹಾಕ್ಕೊಂಡು ಕೂತಿದ್ದ ಜನ ಹೇಗೆ ಬೀದಿಗೆ ಬಂದ್ರು, ಜೈಲಲ್ಲಿ ಹೇಗೆ ಹಾಡಿದ್ರು ಅಂತ ಎಲ್ಲಾ ಅಲ್ಲಿದೆ. ಮತ್ತೆ ಮಾಂಸ ಬಿಟ್ಟಾಗ ಉಳಿದ ದುಡ್ಡನ್ನ ಡಬ್ಬಿಗೆ ಹಾಕಿರ್ತೀರಿ, ಒಳ್ಳೇದು, ಈಗ ಮಾಂಸ ಮಾಡಿದ ದಿನ ಒಂದು ಡಬ್ಬಿ ಸಾರು ಹೆಚ್ಚಿಗೆ ಮಾಡಿ ಹಬ್ಬಕ್ಕೆ ಯಾರೂ ಬರದೇ ಇದ್ದ ಒಂದು ಮನೆಗೆ ಕೊಟ್ಟು ಬನ್ನಿ. ನಿಮ್ಮ ಬೀದೀಲೇ ಅಂಥ ಮನೆ ಇರತ್ತೆ, ನಿಮಗೇ ಗೊತ್ತಿರತ್ತೆ ಯಾವುದು ಅಂತ.

ನಮ್ಮಮ್ಮ ಈಸ್ಟರ್ ಹಿಂದಿನ ಜಾಗರಣೆ ರಾತ್ರಿಗೆ ಹೋಗುವಾಗ ಒಂದು ಗಾಜಿನ ಬಾಟಲು ತಗೊಂಡು ಹೋಗೋರು, ಔಷಧಿ ಬಾಟಲು, ಬಿಸಿನೀರಲ್ಲಿ ತೊಳೆದು ತೊಳೆದು ಚೀಟಿ ಕಿತ್ತಿಟ್ಟಿದ್ದು. ಅವತ್ತು ಮಂತ್ರಿಸಿದ ಹೊಸ ತೀರ್ಥ ಅದರಲ್ಲಿ ತುಂಬ್ಕೊಂಡು ಸೆರಗಲ್ಲಿ ಮುಚ್ಚಿ ತರೋರು. ಬೆಳಿಗ್ಗೆ ಬಾಗಿಲಿಗೆ, ಬಾವಿಗೆ, ಹಸುವಿನ ಹಣೆಗೆ, ಆಮೇಲೆ ಕೋಳಿ ಮಂಕರಿಗೂ ನಾಕು ಹನಿ. ಉಳಿದಿದ್ದನ್ನ ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ನಮ್ಮ ತಲೆ ಮೇಲೆ ಹಾಕೋರು, ಬಾಟಲು ಖಾಲಿ ಆಗೋ ತನಕ ಹಬ್ಬ ಅಂತ ನಾವು ಮಕ್ಕಳು ಅಂದ್ಕೊಂಡಿದ್ವಿ. ಅವರಿಗೆ ಪೂಜಾವಿಧಿಯ ಪುಸ್ತಕ ಓದಕ್ಕೆ ಬರ್ತಿರಲಿಲ್ಲ ಆದ್ರೆ ಐವತ್ತು ದಿನ ಅಂದ್ರೇನು ಅಂತ ನನಗೆ ಕಲಿಸಿದ್ದು ಆ ಬಾಟಲೇ.

ಕೊನೇದಾಗಿ, ಖಾಲಿತನಕ್ಕೆ ನಾಚ್ಕೋಬೇಡಿ. ಮೊದಲನೇ ಈಸ್ಟರ್ ಭಾನುವಾರದ ದಿನವೇ ಇಬ್ಬರು ಶಿಷ್ಯರು ಮುಖ ಬಾಡಿಸ್ಕೊಂಡು ಎಮ್ಮಾವು ಅನ್ನೋ ಊರಿನ ಕಡೆ ನಡ್ಕೊಂಡು ಹೋಗ್ತಿದ್ರಲ್ಲ, ಸುಮಾರು 11 ಕಿಲೋಮೀಟರ್, ಪಕ್ಕದಲ್ಲೇ ಬರ್ತಿರೋರು ಯಾರು ಅಂತ ಗೊತ್ತಾಗದೆ. ರೊಟ್ಟಿ ಮುರಿದಾಗ ಗೊತ್ತಾಯ್ತು. ಕತ್ತಲಾಗಿದ್ರೂ ಅದೇ ಗಳಿಗೇಲಿ ಎದ್ದು ಅಷ್ಟೂ ದೂರ ವಾಪಸ್ ಜೆರುಸಲೇಮಿಗೆ ಹೋದ್ರು. ಈ ವರ್ಷ ಈಸ್ಟರ್ ಕಾಲದ ಮೂರನೇ ಭಾನುವಾರ, ಏಪ್ರಿಲ್ 19ಕ್ಕೆ, ಇದೇ ಶುಭಸಂದೇಶ. ಆ ದಿನ ಪೂಜೆಗೆ ಹತ್ತು ನಿಮಿಷ ಮುಂಚೆ ಹೋಗಿ ಕೂತ್ಕೊಳ್ಳಿ.

ಪ್ರಶ್ನೆ: ಈಸ್ಟರ್ ಆದ ಮೊದಲನೇ ಶುಕ್ರವಾರ ಮಾಂಸ ತಿನ್ನಬಹುದಾ? ನಮ್ಮ ಅತ್ತೆ ಬಿಲ್ಕುಲ್ ಬೇಡ ಅಂತಾರೆ, ಯಜಮಾನ್ರು ತಿನ್ನಬಹುದು ಅಂತಾರೆ. (ಮೈಸೂರಿನಿಂದ)

ಉತ್ತರ: ತಿನ್ನಬಹುದು. ಮೇಲೆ ಹೇಳಿದ ಎಂಟು ದಿನದೊಳಗೆ ಬರೋ ಶುಕ್ರವಾರ ಅದು, ಮಹೋತ್ಸವದ ದಿನ ಶುಕ್ರವಾರ ಬಿದ್ರೆ ಮಾಂಸ ಬಿಡೋ ನಿಯಮ ಅನ್ವಯ ಆಗಲ್ಲ ಅಂತ ತಿರುಸಭೆಯ ಕಾನೂನಲ್ಲೇ (1251ನೇ ವಿಧಿ) ಇದೆ. ಆದ್ರೆ ಅತ್ತೆಯವರು ಅಷ್ಟು ವರ್ಷದಿಂದ ಪ್ರೀತಿಯಿಂದ ಪಾಲಿಸ್ಕೊಂಡು ಬಂದಿದ್ದಾರೆ, ಅವರ ತಟ್ಟೆಗೆ ಹಾಕಕ್ಕೆ ಹೋಗಬೇಡಿ, ಬೇರೆ ಪಲ್ಯ ಮಾಡಿಕೊಡಿ. ಅದರ ಮುಂದಿನ ಶುಕ್ರವಾರದಿಂದ ನಿಮ್ಮ ಬಿಷಪರ ಧರ್ಮಕ್ಷೇತ್ರದಲ್ಲಿ ಏನು ರೂಢಿ ಇದೆಯೋ ಅದೇ.

ಪ್ರಶ್ನೆ: ಜಾಗರಣೆ ರಾತ್ರಿ ಎಲ್ಲರ ಕೈಗೂ ಕೊಟ್ಟ ಮೇಣದಬತ್ತಿ ಅರ್ಧ ಉಳಿದಿದೆ. ಎಸೆಯಕ್ಕೆ ಮನಸ್ಸು ಬರ್ತಿಲ್ಲ. (ಚಿಕ್ಕಮಗಳೂರಿನಿಂದ)

ಉತ್ತರ: ಎಸೀಬೇಡಿ! ಪಾಸ್ಖದ, ಅಂದ್ರೆ ಈಸ್ಟರಿನ, ದೊಡ್ಡ ಬತ್ತಿಯಿಂದ ಒಬ್ಬರಿಂದೊಬ್ಬರಿಗೆ ಹಚ್ಚಿಕೊಂಡು ನಿಮ್ಮ ತನಕ ಬಂದ ಬೆಂಕಿ ಅದು. ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಮೇಜಿನ ಮೇಲೆ ಹಚ್ಚಿಟ್ಟು ಒಂದು ಸಣ್ಣ ಪ್ರಾರ್ಥನೆ ಹೇಳಿ ಊಟ ಮಾಡಿ. ಹಚ್ಚೋ ಕೆಲಸ ಮಕ್ಕಳಿಗೆ ಬಿಡಿ. ಸ್ವಲ್ಪ ಉಳಿಸ್ಕೊಂಡು ಅವರವರ ಜ್ಞಾನಸ್ನಾನದ ದಿನಕ್ಕೂ ಹಚ್ಚಬಹುದು, ಆ ತಾರೀಕು ಗೊತ್ತಿಲ್ಲದಿದ್ರೆ ಚರ್ಚ್ ರಿಜಿಸ್ಟರಲ್ಲಿ ಇರತ್ತೆ, ಕೇಳಿ.

ಪ್ರಶ್ನೆ: ಆರು ವರ್ಷದಿಂದ ಪಾಪನಿವೇದನೆ ಮಾಡಿಲ್ಲ. ಈ ಈಸ್ಟರಿಗಾದ್ರೂ ಮಾಡೋಣ ಅಂತ ಪವಿತ್ರ ವಾರದಲ್ಲಿ ಹೋದೆ, ಉದ್ದ ಸಾಲು, ಗೊತ್ತಿರೋರೆಲ್ಲ ನಿಂತಿದ್ರು, ವಾಪಸ್ ಬಂದೆ. ಹಬ್ಬದ ದಿನ ಪರಮಪ್ರಸಾದ ತಗೊಳ್ಳದೆ ಬೆಂಚಲ್ಲೇ ಕೂತಿದ್ದೆ. ಈಗ ಇನ್ನು ಮುಂದಿನ ತಪಸ್ಸುಕಾಲಕ್ಕೆ ಕಾಯಬೇಕಾ? (ಬೆಂಗಳೂರಿನಿಂದ, 34 ವರ್ಷ)

ಉತ್ತರ: ಕಾಯಲೇಬೇಡಿ ತಮ್ಮಾ. ವರ್ಷಕ್ಕೆ ಒಂದು ಸಲನಾದ್ರೂ ಪರಮಪ್ರಸಾದ ಸ್ವೀಕರಿಸಬೇಕು, ಅದೂ ಪಾಸ್ಖಕಾಲದಲ್ಲಿ ಅಂತ ತಿರುಸಭೆ ಹೇಳೋದು, ಪಾಸ್ಖಕಾಲ ಅಂದ್ರೆ ಈಗ ನಡೀತಿರೋದೇ, ಮೇ 24ರ ತನಕ ಬಾಗಿಲು ತೆಗೆದೇ ಇದೆ. ಇನ್ನೊಂದು ವಿಷಯ ನಮ್ಮ ಜ್ಞಾನೋಪದೇಶ ಕ್ಲಾಸಲ್ಲಿ ನಾನು ಪ್ರತಿ ವರ್ಷ ಒತ್ತಿ ಹೇಳೋದು. "ನೀವು ಯಾರ ಪಾಪ ಕ್ಷಮಿಸ್ತೀರೋ ಅವರಿಗೆ ಕ್ಷಮೆ ಆಗತ್ತೆ" ಅಂತ ಯೇಸುಸ್ವಾಮಿ ಶಿಷ್ಯರಿಗೆ ಯಾವಾಗ ಹೇಳಿದ್ದು? ಎದ್ದ ದಿನವೇ ಸಂಜೆ. ಯೊವಾನ್ನರ ಶುಭಸಂದೇಶ 20ನೇ ಅಧ್ಯಾಯ, ಪ್ರತಿ ವರ್ಷ ಈಸ್ಟರ್ ಕಾಲದ ಎರಡನೇ ಭಾನುವಾರ ಓದ್ತಾರೆ, ಪೋಪ್ ಸಂತ ಎರಡನೇ ಜಾನ್ ಪೌಲರು 2000ರಲ್ಲಿ ದೈವಕರುಣೆಯ ಭಾನುವಾರ ಅಂತ ಹೆಸರಿಟ್ಟ ದಿನ. ಅವರೆಲ್ಲ ಮೂರು ದಿನದ ಹಿಂದೆ ಬಿಟ್ಟು ಓಡಿಹೋದೋರು, ಸ್ವಾಮಿ ಬಂದು ಮೊದಲು ಹೇಳಿದ ಮಾತು "ನಿಮಗೆ ಶಾಂತಿ". ಲೆಕ್ಕ ಕೇಳಲಿಲ್ಲ. ಹಾಗಾಗಿ ಪಾಪನಿವೇದನೆ ತಪಸ್ಸುಕಾಲಕ್ಕೆ ಮಾತ್ರ ಸೇರಿದ್ದಲ್ಲ, ಈಸ್ಟರಿನ ಉಡುಗೊರೆ.

ಮತ್ತೆ ಈಗ ಸಾಲೇ ಇರಲ್ಲ. ವಾರದ ಮಧ್ಯೆ ಒಂದು ಸಂಜೆ ಪೂಜೆಗೆ ಅರ್ಧ ಗಂಟೆ ಮುಂಚೆ ಹೋಗಿ ಫಾದರ್‌ನ ಕೇಳಿ, ಫೋನ್ ಮಾಡಿ ಟೈಮ್ ತಗೊಂಡ್ರೆ ಇನ್ನೂ ಒಳ್ಳೇದು. ನಿಮ್ಮ ಚರ್ಚಲ್ಲಿ ಮುಜುಗರ ಅಂದ್ರೆ ಬೇರೆ ಧರ್ಮಕೇಂದ್ರದ ಚರ್ಚಿಗೆ ಹೋಗಬಹುದು, ತಪ್ಪೇನಿಲ್ಲ. "ಫಾದರ್, ಆರು ವರ್ಷ ಆಯ್ತು, ಹೇಗೆ ಶುರು ಮಾಡೋದು ಮರೆತೋಗಿದೆ" ಅಂತ ಇದ್ದಿದ್ದು ಇದ್ದಂಗೆ ಹೇಳಿ, ಮುಂದಕ್ಕೆ ಅವರು ಕೈ ಹಿಡಿದು ನಡೆಸ್ತಾರೆ.

ಪ್ರಶ್ನೆ: ಫೆಬ್ರವರಿಯಲ್ಲಿ ನಮ್ಮೆಜಮಾನ್ರು ತೀರ್ಕೊಂಡ್ರು. ಚರ್ಚಲ್ಲಿ ಎಲ್ಲರೂ ಅಲ್ಲೆಲೂಯ ಹಾಡ್ತಾರೆ, ನನ್ನ ಗಂಟಲು ಕಟ್ಟತ್ತೆ. ಪಕ್ಕದೋರು "ಹಬ್ಬದ ಕಾಲದಲ್ಲಿ ಅಳಬಾರದು, ವಿಶ್ವಾಸ ಕಮ್ಮಿ ಅಂತಾಗತ್ತೆ" ಅಂದ್ರು. ಇದು ಪಾಪಾನಾ ಅಮ್ಮಾ? (ಕೊಳ್ಳೇಗಾಲದ ಹತ್ರದಿಂದ)

ಉತ್ತರ: ಖಂಡಿತ ಪಾಪ ಅಲ್ಲ. ಹಾಗೆ ಅಂದೋರು ಕೆಟ್ಟ ಮನಸ್ಸಿಂದ ಅಂದಿರಲ್ಲ, ಆದ್ರೆ ತಪ್ಪು ಮಾತು ಅದು. ಈಸ್ಟರ್ ಬೆಳಿಗ್ಗೆ ಸಮಾಧಿ ಹತ್ರ ಅಳ್ತಾ ನಿಂತಿದ್ದೋರು ಮಗ್ದಲದ ಮರಿಯ, ಯೊವಾನ್ನರು ಬರೆದಿರೋ ಪ್ರಕಾರ ಎದ್ದ ಸ್ವಾಮೀನ ಮೊದಲು ನೋಡಿದ್ದು ಆಯಮ್ಮನೇ. ಕಣ್ಣೀರು ತುಂಬಿದ್ದಕ್ಕೋ ಏನೋ ಗುರುತು ಸಿಗಲಿಲ್ಲ, ತೋಟದವನು ಅಂದ್ಕೊಂಡ್ರು. ಸ್ವಾಮಿ ಆಯಮ್ಮನಿಗೆ ಅಳೋದು ನಿಲ್ಲಿಸಿ ಬಾ ಅನ್ನಲಿಲ್ಲ, ಯಾಕಮ್ಮಾ ಅಳ್ತಿದ್ದೀಯ ಅಂತ ಕೇಳಿ, ಆಮೇಲೆ ಹೆಸರು ಹಿಡಿದು ಕರೆದ್ರು, ಅಷ್ಟೇ.

ಚರ್ಚಿಗೆ ಹೋದಾಗ ಪೀಠದ ಹತ್ರ ನಿಂತಿರೋ ಪಾಸ್ಖದ ಬತ್ತಿ ಹತ್ತಿರ ಹೋಗಿ ನೋಡಿ. ಮೇಲೊಂದು ಶಿಲುಬೆ, ಈ ವರ್ಷದ ನಾಕು ಅಂಕಿ, ಶಿಲುಬೆಯೊಳಗೆ ಐದು ಧೂಪದ ಗುಳಿಗೆ ಚುಚ್ಚಿರ್ತಾರೆ. ಅದು ಐದು ಗಾಯ. ಎದ್ದು ಬಂದ ಮೇಲೂ ಗಾಯ ಹಾಗೇ ಇತ್ತಲ್ಲ, ನಂಬದೆ ಇದ್ದ ಶಿಷ್ಯ ತೋಮಸರಿಗೆ ಕೈ ತೋರಿಸಿದ್ರಲ್ಲ. ಬೆಳಕು ಇರೋ ಬತ್ತಿ ಮೇಲೇ ಗಾಯನೂ ಇದೆ. ನಿಮ್ಮೆಜಮಾನ್ರ ಅಂತ್ಯಕ್ರಿಯೆ ಪೂಜೆ ದಿನ ಪೆಟ್ಟಿಗೆ ಪಕ್ಕ ಅಂಥದ್ದೇ ಬತ್ತಿ ಹಚ್ಚಿರ್ತಾರೆ, ಫೆಬ್ರವರಿ ಅಂದ್ರೆ ಅದು ಹೋದ ವರ್ಷದ್ದು, ಹೋದ ಈಸ್ಟರ್ ಜಾಗರಣೇಲಿ ನೀವಿಬ್ಬರೂ ಜೊತೇಲಿ ನಿಂತು ನೋಡಿದ್ದ ಬತ್ತಿ ಇರಬಹುದು. ಹೋದ ವರ್ಷ ಪೋಪ್ ಫ್ರಾನ್ಸಿಸರು ಈಸ್ಟರ್ ಭಾನುವಾರ ಜನಕ್ಕೆಲ್ಲ ಆಶೀರ್ವಾದ ಕೊಟ್ಟು ಮಾರನೇ ದಿನ, 2025ರ ಏಪ್ರಿಲ್ 21ರ ಬೆಳಿಗ್ಗೆ, ತೀರ್ಕೊಂಡ್ರು. ಈಸ್ಟರಿನ ಎಂಟು ದಿನದೊಳಗೇ, 26ನೇ ತಾರೀಕು ಮಣ್ಣು ಮಾಡಿದ್ರು. ಆ ವಾರ ರೋಮಲ್ಲಿ ಅತ್ತ ಜನರೆಲ್ಲ ವಿಶ್ವಾಸ ಕಮ್ಮಿ ಇದ್ದೋರಾ?

ಅಲ್ಲೆಲೂಯ ಬಾಯಿಗೆ ಬರದಿದ್ರೆ ಬಲವಂತ ಮಾಡ್ಕೋಬೇಡಿ, ಎದ್ದು ನಿಂತ್ಕೊಂಡಿರಿ ಸಾಕು, ಉಳಿದೋರು ನಿಮಗೂ ಸೇರಿಸಿ ಹಾಡ್ತಾರೆ, ಅದಕ್ಕೇ ಅಲ್ವಾ ನಾವು ಒಟ್ಟಿಗೆ ಪೂಜೆಗೆ ಹೋಗೋದು. ಪೆಂತೆಕೋಸ್ತ್ ಒಳಗೆ ಒಂದು ಸಂಜೆ ಬಿಸಿಲಿಳಿದ ಮೇಲೆ ಮಕ್ಕಳನ್ನ ಕರ್ಕೊಂಡು ಸಮಾಧಿ ಹತ್ರ ಹೋಗಿ. ಈ ವರ್ಷದ ಹೊಸ ತೀರ್ಥ ಒಂದು ಸಣ್ಣ ಬಾಟಲಲ್ಲಿ ತಗೊಂಡು ಹೋಗಿ ಹಾಕಿ, ಅವರಿಗೆ ಇಷ್ಟದ ಒಂದು ಹಾಡು ಮಕ್ಕಳ ಹತ್ರ ಹಾಡಿಸಿ, ಅಳು ಬಂದ್ರೆ ಅಲ್ಲೇ ಕೂತು ಅತ್ತು ಬನ್ನಿ. ಮನೆಗೆ ಬಂದು ನನಗೊಂದು ಪತ್ರ ಬರೀರಿ, ನಿಮ್ಮೆಜಮಾನ್ರ ಹೆಸರೂ ಬರೀರಿ, ನಾನು ಪೂಜೇಲಿ ನೆನೆಸ್ಕೊಳ್ತೀನಿ.