‘ಕೈ ಕೊಡು’ ಆಮೇಲೆ, ಮೊದಲು ಹಗ್ಗ

ಅರ್ಧ ದಿನದ ನಾಯಿ ತರಬೇತಿ ಕಾರ್ಯಾಗಾರದಲ್ಲಿ ‘ಕುಳಿತುಕೋ’, ‘ಕೈ ಕೊಡು’ ಕಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ಇಂತಹ ಎರಡು ಕಾರ್ಯಾಗಾರಗಳಿಗೆ ನಾನು ನಾಯಿಯನ್ನು ಕರೆದುಕೊಂಡು ಹೋಗಿದ್ದೆ; ನಿಜ ಹೇಳಬೇಕೆಂದರೆ ಅದೇ ನನ್ನನ್ನು ಎಳೆದುಕೊಂಡು ಹೋಗಿತ್ತು. ಅಲ್ಲಿ ಬಂದವರ ದೂರು ಹೆಚ್ಚುಕಡಿಮೆ ಎರಡೇ: ನಡೆಯುವಾಗ ಹಗ್ಗ ಎಳೆಯುತ್ತದೆ, ಕರೆದರೆ ಬರುವುದಿಲ್ಲ. ‘ಕೈ ಕೊಡು’ ಕಲಿತ ನಾಯಿ ರಸ್ತೆಯಲ್ಲಿ ನಿಜಕ್ಕೂ ಕೈ ಕೊಟ್ಟರೆ ಏನು ಪ್ರಯೋಜನ?

ಹೆಚ್ಚಿನ ಸಮಯವನ್ನು ಈ ಎರಡಕ್ಕೇ ಕೊಡಿ. ಹಗ್ಗ ಬಿಗಿಯಾದ ಕೂಡಲೇ ಮಾಲೀಕರು ನಿಲ್ಲಬೇಕು, ಸಡಿಲವಾದಾಗ ಮಾತ್ರ ಹೆಜ್ಜೆ ಇಡಬೇಕು. ಬಾಯಲ್ಲಿ ಹೇಳಿದರೆ ಯಾರಿಗೂ ಬರುವುದಿಲ್ಲ. ಒಬ್ಬೊಬ್ಬರನ್ನೇ ನಡೆಸಿ ನೋಡಿ. ಕರೆದರೆ ಬಾರದಿರುವುದರಲ್ಲಿ ತಪ್ಪು ಬಹುತೇಕ ನಮ್ಮದೇ. ಆಟದ ನಡುವೆ ಕರೆದು, ಬಂದೊಡನೆ ಕಟ್ಟಿ ಮನೆಗೆ ಒಯ್ಯುತ್ತೇವೆ. ತಡವಾಗಿ ಬಂದರೆ ಗದರುತ್ತೇವೆ. ಮತ್ತೆ ಏಕೆ ಬಂದೀತು? ಹೆಚ್ಚಿನ ಸಲ ತಿನಿಸು ಕೊಟ್ಟು ಪುನಃ ಆಡಲು ಬಿಡಬೇಕೆಂದು ತಿಳಿಸಿ.

ತಿನಿಸು ಒಂದೆರಡು ಸೆಕೆಂಡುಗಳೊಳಗೆ ಸಿಗದಿದ್ದರೆ, ಯಾವ ಕೆಲಸಕ್ಕೆ ಸಿಕ್ಕಿತೆಂಬುದು ನಾಯಿಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲ ಅರ್ಧ ಗಂಟೆ ನಾಯಿಗಳನ್ನು ದೂರವಿಟ್ಟು ಮಾಲೀಕರ ಕೈಗೇ ಅಭ್ಯಾಸ ಮಾಡಿಸಿ. ನಗು ಬರುತ್ತದೆ, ಆದರೆ ಫಲ ಕೊಡುತ್ತದೆ.

ಮರಿ ಸಾಕುವವರಿಗೆ ಒಂದು ಮಾತು: ಸುಮಾರು 3ರಿಂದ 12 ವಾರಗಳ ವಯಸ್ಸಿನಲ್ಲಿ ಕಂಡ ಜನ, ಕೇಳಿದ ಸದ್ದುಗಳಿಗೆ ಮರಿ ಸುಲಭವಾಗಿ ಹೊಂದಿಕೊಳ್ಳುತ್ತದೆ. ಕಚ್ಚುವ ನಾಯಿಯನ್ನು ಮಾತ್ರ ಗುಂಪಿಗೆ ಸೇರಿಸಬೇಡಿ. ಇದ್ದಕ್ಕಿದ್ದಂತೆ ಕಚ್ಚತೊಡಗಿದ್ದರೆ ಎಲ್ಲಿಯೋ ನೋವಿರಬಹುದು, ಮೊದಲು ಪಶುವೈದ್ಯರು ನೋಡಲಿ.

‘ಕೈ ಕೊಡು’ ಕೊನೆಯ ಹತ್ತು ನಿಮಿಷಕ್ಕಿರಲಿ. ಫೋಟೊ ತೆಗೆಯುವವರಿಗೆ ಅದು ಬೇಕೇ ಬೇಕು.