ಆನ್‌ಲೈನ್ ಸೆಲ್ಲರ್ “ರಿಟರ್ನ್ ಕ್ಯಾನ್ಸಲ್ ಮಾಡಿ, ಅರ್ಧ ದುಡ್ಡು ಹಾಕ್ತೀನಿ” ಅಂತಿದ್ದಾನೆ, ಒಪ್ಪಬಹುದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಆನ್‌ಲೈನ್‌ನಲ್ಲಿ 52 ಸಿಸಿ ವೀಡ್ ಕಟ್ಟರ್ ತರಿಸಿದೆ, 8,900 ರೂಪಾಯಿ. ಸ್ಟಿಕ್ಕರ್ ಮೇಲೆ 52 ಅಂತಲೇ ಇದೆ, ಮೆಕ್ಯಾನಿಕ್ ನೋಡಿ ಇದು 43 ಅಂದರು. ರಿಟರ್ನ್ ಹಾಕಿದ್ದೇನೆ, ಪಿಕಪ್‌ಗೆ ಯಾರೂ ಬಂದಿಲ್ಲ. ಈಗ ಸೆಲ್ಲರ್ ವಾಟ್ಸಾಪ್ ಮಾಡಿ, ರಿಟರ್ನ್ ಕ್ಯಾನ್ಸಲ್ ಮಾಡಿದರೆ ಅರ್ಧ ದುಡ್ಡು ಕೊಡುತ್ತೇನೆ ಅನ್ನುತ್ತಿದ್ದಾನೆ.

ಉತ್ತರ:

ಒಪ್ಪಬೇಡಿ. ರಿಟರ್ನ್ ನೀವೇ ಕ್ಯಾನ್ಸಲ್ ಮಾಡಿದರೆ ಆ್ಯಪ್‌ನ ಲೆಕ್ಕದಲ್ಲಿ ತಕರಾರು ನೀವೇ ವಾಪಸ್ ತೆಗೆದುಕೊಂಡ ಹಾಗೆ. ಅಷ್ಟರಲ್ಲಿ ರಿಟರ್ನ್ ಅವಧಿ ಮುಗಿದಿದ್ದರೆ ಮತ್ತೆ ಹಾಕಲು ಬಟನ್ನೇ ಇರುವುದಿಲ್ಲ. ಅರ್ಧ ದುಡ್ಡಿನ ಮಾತು ಮೂಗಿಗೆ ತುಪ್ಪ ಸವರುವ ಕೆಲಸ, ಅವನಿಗೆ ಬೇಕಿರುವುದು ಅವಧಿ ಮುಗಿಯುವವರೆಗಿನ ಆ ನಾಲ್ಕೈದು ದಿನ. ವಾಟ್ಸಾಪ್‌ನಲ್ಲಿ ಚೌಕಾಸಿಗೆ ಇಳಿಯದೆ ಆ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದು ಆ್ಯಪ್‌ನ ಆರ್ಡರ್ ಚಾಟ್‌ಗೆ ಹಾಕಿ: “ಸೆಲ್ಲರ್ ರಿಟರ್ನ್ ಕ್ಯಾನ್ಸಲ್ ಮಾಡಲು ಒತ್ತಾಯಿಸುತ್ತಿದ್ದಾರೆ. ನಾನು ಒಪ್ಪಿಲ್ಲ. ಪೂರ್ತಿ ಹಣ ವಾಪಸ್ ಬೇಕು.” ಇನ್ನು ಮುಂದೆ ಮಾತೆಲ್ಲ ಅಲ್ಲೇ ನಡೆಯಲಿ, ಬರವಣಿಗೆಯಲ್ಲೇ ಇರಲಿ.

ಈಗ ಸಾಕ್ಷಿ. “ಪವರ್ ಇಲ್ಲ” ಎಂದು ಬರೆದರೆ ಕಸ್ಟಮರ್ ಕೇರ್‌ನವರು ಟೆಕ್ನಿಶಿಯನ್ ಕಳಿಸುತ್ತೇವೆ ಎಂದು ಇನ್ನೂ ಸತಾಯಿಸುತ್ತಾರೆ. “52 ಎಂದು ಜಾಹೀರಾತು ಮಾಡಿ 43 ಕಳಿಸಿದ್ದಾರೆ” ಎಂದು ಬರೆಯಿರಿ, ಅದನ್ನು ತೋರಿಸಿ. ಈ ಜಾತಿಯ ಚೀನಾ ಮಾದರಿ ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ಕೇಸ್ ಮೇಲೋ ಸ್ಟಾರ್ಟರ್ ಹತ್ತಿರವೋ ಒಂದು ಕೋಡ್ ಕೊರೆದಿರುತ್ತದೆ: 1ಇ44ಎಫ್ ಅಥವಾ 1ಇ40ಎಫ್. ಮೊದಲ 1 ಅಂದರೆ ಒಂದೇ ಸಿಲಿಂಡರ್, ಇ ಅಂದರೆ 2-ಸ್ಟ್ರೋಕ್, ನಡುವಿನ ಸಂಖ್ಯೆ ಬೋರ್‌ನ, ಅಂದರೆ ಸಿಲಿಂಡರ್‌ನ ಒಳವ್ಯಾಸದ, ಅಳತೆ ಮಿಲಿಮೀಟರ್‌ನಲ್ಲಿ, ಎಫ್ ಅಂದರೆ ಏರ್‌ಕೂಲ್ಡ್. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, ಎರಡರಲ್ಲೂ ಸಾಮಾನ್ಯವಾಗಿ 34 ಮಿ.ಮೀ. ಬೋರ್ 44 ಇದ್ದರೆ 51.7 ಸಿಸಿ, ಅದನ್ನೇ 52 ಎಂದು ಮಾರುತ್ತಾರೆ. 40 ಇದ್ದರೆ 42.7, ಅಂದರೆ ನಿಮ್ಮ 43. ಸ್ಟಿಕ್ಕರ್ ಬದಲಿಸುವುದು ಸುಲಭ, ಕೊರೆದದ್ದನ್ನು ಅಳಿಸುವುದು ಕಷ್ಟ. ಕೋಡ್ ಮತ್ತು ಸ್ಟಿಕ್ಕರ್ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯಿರಿ. ಅಳೆಯುತ್ತೇನೆಂದು ಸಿಲಿಂಡರ್ ಬಿಚ್ಚಬೇಡಿ. ಬಿಚ್ಚಿದರೆ “ಗ್ರಾಹಕರೇ ಕೈ ಹಾಕಿ ಹಾಳು ಮಾಡಿದ್ದಾರೆ” ಎಂಬ ಸಬೂಬಿಗೆ ನೀವೇ ದಾರಿ ಮಾಡಿಕೊಟ್ಟಂತೆ.

(ಕೆಲವರು 4-ಸ್ಟ್ರೋಕ್ ಎಂದು ಹೇಳಿ 2-ಸ್ಟ್ರೋಕ್ ಕಳಿಸುವುದೂ ಉಂಟು. ಅದು ಇನ್ನೂ ಅಪಾಯ. ಆಯಿಲ್ ಬೆರೆಸದ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ, ತಪ್ಪು ನಿಮ್ಮ ತಲೆಗೆ ಬರುತ್ತದೆ. 4-ಸ್ಟ್ರೋಕ್‌ನಲ್ಲಿ ಇಂಜಿನ್ ಆಯಿಲ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಮುಚ್ಚಳ ಇರುತ್ತದೆ. ಅದಿಲ್ಲದಿದ್ದರೆ ಸ್ಟಾರ್ಟೇ ಮಾಡಬೇಡಿ.)

ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸ: ಲಿಸ್ಟಿಂಗ್ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಪ್ರಿಂಟ್ ಆಯ್ಕೆಯಿಂದ ಪಿಡಿಎಫ್ ಮಾಡಿಟ್ಟುಕೊಳ್ಳಿ. ದೂರು ಹೋದ ಮೇಲೆ ಸೆಲ್ಲರ್ 52 ಅನ್ನು ಸದ್ದಿಲ್ಲದೆ 43 ಮಾಡಿಬಿಡಬಹುದು. ಇನ್‌ವಾಯ್ಸ್‌ನಲ್ಲಿರುವ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ನೋಂದಣಿ ರದ್ದಾಗಿದ್ದರೆ ಅದರ ಸ್ಕ್ರೀನ್‌ಶಾಟ್ ಕೂಡ ಬೇಕಾಗುತ್ತದೆ.

ಪಿಕಪ್ ವಿಷಯ. ನಮ್ಮ ಮಲೆನಾಡಿನ ಪಿನ್‌ಕೋಡ್‌ಗಳಲ್ಲಿ ಕೊರಿಯರ್‌ನವರು ತೋಟದವರೆಗೆ ಬಾರದೆ “ಗ್ರಾಹಕರು ಸಿಗಲಿಲ್ಲ” ಎಂದು ಒತ್ತಿಬಿಡುತ್ತಾರೆ. ಹಾಗೆ ಕೆಲವು ಸಲ ಆದರೆ ರಿಟರ್ನ್ ತಾನಾಗೇ ರದ್ದಾಗುತ್ತದೆ. ಆ ದಿನ ಕರೆ ಬಂದಿಲ್ಲದಿದ್ದರೆ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಹಾಕಿ, ಪಿಕಪ್ ವಿಳಾಸವನ್ನು ಪೇಟೆಯ ಪರಿಚಯದ ಅಂಗಡಿಗೆ ಬದಲಿಸಲು ಕೇಳಿ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದ್ದರೆ ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಖಾಲಿ ಮಾಡಿ, ಮುಚ್ಚಳ ತೆಗೆದು ಒಣಗಿಸಿ, ಬ್ಲೇಡ್, ಹಾರ್ನೆಸ್, ಸ್ಪ್ಯಾನರ್ ಎಲ್ಲ ಎಣಿಸಿ ವಿಡಿಯೋ ಮಾಡುತ್ತಾ ಪ್ಯಾಕ್ ಮಾಡಿ. ಪಿಕಪ್ ಓಟಿಪಿಯನ್ನು ಪೆಟ್ಟಿಗೆ ಅವರ ಕೈ ಸೇರಿದ ಮೇಲೆ ಮಾತ್ರ ಕೊಡಿ. ಇನ್ನು ಹಣ ವಾಪಸ್ ಬರಲು ಯುಪಿಐ ಪಿನ್ ಒತ್ತುವುದಾಗಲಿ, ಕ್ಯೂಆರ್ ಸ್ಕ್ಯಾನ್ ಮಾಡುವುದಾಗಲಿ ಬೇಕಿಲ್ಲ. ಯಾರಾದರೂ ಹಾಗೆ ಕೇಳಿ ದುಡ್ಡು ಹೋದರೆ ತಕ್ಷಣ 1930ಕ್ಕೆ, ಅಂದರೆ ಸೈಬರ್ ವಂಚನೆ ಸಹಾಯವಾಣಿಗೆ, ಕರೆ ಮಾಡಿ.

ಇದಕ್ಕೂ ಬಗ್ಗದಿದ್ದರೆ ಆ್ಯಪ್ ನಡೆಸುವ ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಇಮೇಲ್ ಹಾಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅವೇ ನಿಯಮಗಳ 6ನೇ ನಿಯಮವನ್ನು ಹೆಸರಿಸಿ: ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ಸೆಲ್ಲರ್ ನಿರಾಕರಿಸುವಂತಿಲ್ಲ. ಸೆಲ್ಲರ್‌ನ ಪೂರ್ತಿ ವಿಳಾಸ, ಇಮೇಲ್ ಕೊಡಿ ಎಂದೂ ಅದೇ ಪತ್ರದಲ್ಲಿ ಕೇಳಿ. ಕೊಂಡವರು ಬರೆದು ಕೇಳಿದರೆ ಕಂಪನಿ ಕೊಡಲೇಬೇಕು, ಮುಂದೆ ಕೇಸಿಗೆ ಅದು ಬೇಕು. ಜೊತೆಗೇ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕನ್ನಡದಲ್ಲೇ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೂ ನನ್ನ ಅನುಭವದಲ್ಲಿ ದೊಡ್ಡ ಕಂಪನಿಗಳು ಬೇಗ ಕದಲುವುದು ಇಲ್ಲೇ.

ಕೊನೆಗೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ಸೆಲ್ಲರ್ ದೆಹಲಿಯಲ್ಲಿರಲಿ, ಸೂರತ್‌ನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾಲಮಿತಿ 2 ವರ್ಷ, ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಸೆಲ್ಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಸ್ಕ್ರೀನ್‌ಶಾಟ್‌ಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷಿಯಾಗಿ ಕೊಡಲು ಬೇಕಾದದ್ದು) ಲಗತ್ತಿಸಿ. ತೋಟದವರು ಎಡವುವುದು ಒಂದು ಕಡೆ: “ಇವರು ವಾಣಿಜ್ಯ ಉದ್ದೇಶಕ್ಕೆ ಕೊಂಡಿದ್ದಾರೆ, ಗ್ರಾಹಕರೇ ಅಲ್ಲ” ಎಂಬ ವಾದ ಬರುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶವಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಕಲಂನ ವಿವರಣೆಯಲ್ಲೇ ಇದೆ. ನಿಮ್ಮದು ಹಾಗಿದ್ದರೆ ಆ ಸಾಲನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ.

ಕೇಸು ಮುಗಿಸಲು ಕಾಯ್ದೆ 3 ತಿಂಗಳು, ವಸ್ತುವಿನ ಪರೀಕ್ಷೆ ಬೇಕಾದರೆ 5 ತಿಂಗಳು ಅನ್ನುತ್ತದೆ, ಆದರೆ ಅದಕ್ಕಿಂತ ಎಳೆಯುವುದೇ ಹೆಚ್ಚು. ವಿಷಯ ಇತ್ಯರ್ಥವಾಗುವವರೆಗೆ ಈ ಯಂತ್ರವನ್ನು ಓಡಿಸಬೇಡಿ. ಕಳೆ ಹೊಡೆಯಲು ಬಾಡಿಗೆಗೆ ಬೇರೆ ತಂದರೆ ಆ ರಸೀದಿಯನ್ನೂ ಫೈಲಿಗೆ ಸೇರಿಸಿ, ನಷ್ಟದ ಲೆಕ್ಕದಲ್ಲಿ ಕೇಳಬಹುದು.