ಓದುಗರ ಪ್ರಶ್ನೆ: ಮನೆಯ ಕಾರ್ಯಾಗಾರದ ಏರ್ ಲೈನಿಗೆ ಯಾವ ಪೈಪು?

ಪ್ರಶ್ನೆ: ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಬಿಡುವಿನ ವೇಳೆ ಮರಗೆಲಸವನ್ನೂ ಸ್ವಲ್ಪ ಬಣ್ಣದ ಕೆಲಸವನ್ನೂ ಮಾಡಿಕೊಳ್ಳುತ್ತೇನೆ. ಎರಡು ಎಚ್‌ಪಿಯ ಕಂಪ್ರೆಸರ್ ಮೂಲೆಯಲ್ಲಿದೆ. ಉದ್ದನೆಯ ಹೋಸ್ ಸದಾ ಕಾಲಿಗೆ ತೊಡರುವುದರಿಂದ, ಗೋಡೆಯ ಉದ್ದಕ್ಕೂ ಪೈಪು ಹಾಕಿ ಮೂರು ಕಡೆ ಗಾಳಿ ಸಿಗುವಂತೆ ಮಾಡಬೇಕೆಂದಿದ್ದೇನೆ. ನೀರಿನ ಕೆಲಸಕ್ಕೆ ತಂದು ಉಳಿದ ಪಿವಿಸಿ ಪೈಪು ಮನೆಯಲ್ಲೇ ಇದೆ. ಅದರ ಮೇಲೆ 10 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಎಂದು ಮುದ್ರಿಸಿದ್ದಾರೆ; ನನ್ನ ಕಂಪ್ರೆಸರ್ 8 ಬಾರ್ ತಲುಪಿದೊಡನೆ ತಾನೇ ನಿಲ್ಲುತ್ತದೆ. ಅದನ್ನೇ ಬಳಸಬಹುದೇ? ಬಾರದೆಂದಾದರೆ ಜಿಐ (ಸತು ಲೇಪಿಸಿದ ಕಬ್ಬಿಣ), ತಾಮ್ರ, ಅಲ್ಯೂಮಿನಿಯಂ ಇವುಗಳಲ್ಲಿ ಯಾವುದನ್ನು ಆರಿಸಲಿ?

ಉತ್ತರ: ದಯವಿಟ್ಟು ಪಿವಿಸಿ ಬಳಸಬೇಡಿ. ಎಂಟಕ್ಕಿಂತ ಹತ್ತು ದೊಡ್ಡದು ಎಂಬ ನಿಮ್ಮ ಲೆಕ್ಕ ನೀರಿನ ಮಟ್ಟಿಗೆ ಸರಿ. ಆದರೆ ಗಾಳಿಯ ಲೈನಿನಲ್ಲಿ ಪೈಪು ಎಷ್ಟು ಒತ್ತಡ ತಡೆಯುತ್ತದೆ ಎನ್ನುವುದಕ್ಕಿಂತ, ಅದು ಸೋತಾಗ ಹೇಗೆ ಸೋಲುತ್ತದೆ ಎನ್ನುವುದನ್ನು ಮೊದಲು ಕೇಳಬೇಕು.

ನೀರನ್ನು ಎಷ್ಟೇ ಒತ್ತಿದರೂ ಅದರ ಗಾತ್ರ ಕುಗ್ಗುವುದಿಲ್ಲವೆಂದೇ ಹೇಳಬೇಕು. 8 ಬಾರ್ ಒತ್ತಡದಲ್ಲಿರುವ ಒಂದು ಲೀಟರ್ ನೀರಿನಲ್ಲಿ ಅಡಗಿರುವ ಶಕ್ತಿ ಒಂದು ಜೂಲ್‌ನ ಐದನೇ ಒಂದು ಭಾಗವೂ ಇಲ್ಲ. ಆದ್ದರಿಂದ ನೀರಿನ ಪೈಪು ಬಿರಿದರೆ ಒತ್ತಡ ಆ ಕ್ಷಣವೇ ಇಳಿದು, ನೆಲ ಒದ್ದೆಯಾಗುವುದರೊಂದಿಗೆ ಅನಾಹುತ ಮುಗಿಯುತ್ತದೆ. ಅದೇ ಒತ್ತಡದ ಒಂದು ಲೀಟರ್ ಗಾಳಿಯಲ್ಲಿ ಸಾವಿರ ಜೂಲ್‌ಗೂ ಹೆಚ್ಚು, ಅಂದರೆ ಒಂದು ಕಿಲೋ ತೂಕವನ್ನು ನೂರು ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವಷ್ಟು ಶಕ್ತಿ ಸ್ಪ್ರಿಂಗಿನ ಹಾಗೆ ಕುಳಿತಿರುತ್ತದೆ. ಪೈಪು ಒಡೆದಾಗ ಅದರ ಬೆನ್ನಿಗೆ ಟ್ಯಾಂಕಿನ ಗಾಳಿಯೂ ನುಗ್ಗಿ ಬರುತ್ತದೆ. ಪಿವಿಸಿ ಉಬ್ಬಿ ಹರಿಯುವ ವಸ್ತುವಲ್ಲ. ಗಾಜಿನಂತೆ ಚೂರಾಗಿ ಸಿಡಿಯುತ್ತದೆ. ಅದರ ಮೇಲೆ ಮುದ್ರಿಸಿದ 10 ಬಾರ್ ಸಾಧಾರಣ ಉಷ್ಣತೆಗೆ ಮಾತ್ರ ಅನ್ವಯಿಸುವ ಅಂಕಿ. 60 ಡಿಗ್ರಿಯ ಹೊತ್ತಿಗೆ ಅದರ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಕೆಳಗಿಳಿದಿರುತ್ತದೆ, ಮತ್ತು ಕಂಪ್ರೆಸರಿನ ಸಮೀಪದ ಪೈಪು ಬಿಸಿಯಾಗದೆ ಇರುವುದಿಲ್ಲ. ಬಿಸಿಲು ಮತ್ತು ವರ್ಷಗಳ ಬಳಕೆ ಅದನ್ನು ಇನ್ನಷ್ಟು ಪೆಡಸಾಗಿಸುತ್ತವೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾ 1988ರಲ್ಲೇ ಗಾಳಿಯ ಲೈನಿಗೆ ತೆರೆದಂತೆ ಪಿವಿಸಿ ಅಳವಡಿಸುವುದರ ವಿರುದ್ಧ ಎಚ್ಚರಿಕೆ ನೀಡಿತ್ತು.

ನಾನು ಇಷ್ಟು ಖಂಡಿತವಾಗಿ ಬರೆಯುವುದಕ್ಕೆ ಕಣ್ಣಾರೆ ಕಂಡದ್ದೂ ಒಂದು ಕಾರಣ. ಸ್ನೇಹಿತರೊಬ್ಬರ ಕಾರ್ಯಾಗಾರದಲ್ಲಿ ನಾಲ್ಕು ವರ್ಷ ಯಾವ ತೊಂದರೆಯನ್ನೂ ಕೊಡದಿದ್ದ ಪಿವಿಸಿ ಲೈನು ಒಂದು ಬೆಳಿಗ್ಗೆ ಎಲ್ಬೋ, ಅಂದರೆ ಪೈಪು ತಿರುಗುವ ಜೋಡಣೆಯ ಬಳಿ ಸಿಡಿಯಿತು. ಅದೃಷ್ಟವಶಾತ್ ಆಗ ಒಳಗೆ ಯಾರೂ ಇರಲಿಲ್ಲ. ಎದುರು ಗೋಡೆಗೆ ಒರಗಿಸಿದ್ದ ಪ್ಲೈವುಡ್ ಹಾಳೆಯಲ್ಲಿ ಬೆರಳುದ್ದದ ಚೂರೊಂದು ನಾಟಿಕೊಂಡಿತ್ತು, ಅದನ್ನು ಇಕ್ಕಳ ಹಿಡಿದೇ ಕೀಳಬೇಕಾಯಿತು. ನಾಲ್ಕು ವರ್ಷ ಏನೂ ಆಗಲಿಲ್ಲ ಎಂಬ ಮಾತು ಐದನೆಯ ವರ್ಷಕ್ಕೆ ಭರವಸೆ ಕೊಡುವುದಿಲ್ಲ. ಬಿಸಿನೀರಿಗೆ ಬಳಸುವ ಸಿಪಿವಿಸಿಗೂ ಇದೇ ಆಕ್ಷೇಪಣೆ ಅನ್ವಯಿಸುತ್ತದೆ.

ಇನ್ನು ಲೋಹದ ಪೈಪುಗಳ ವಿಚಾರ. ಅಲ್ಯೂಮಿನಿಯಂ ಪೈಪುಗಳು ಗಾಳಿಗೆಂದೇ ತಯಾರಾಗಿ ಬರುತ್ತವೆ; ಥ್ರೆಡ್ ಕೊರೆಯುವ, ಬೆಸುಗೆ ಹಾಕುವ ಗೋಜಿಲ್ಲದೆ ಒತ್ತಿ ಕೂರಿಸಬಹುದು, ನಾಳೆ ಲೈನನ್ನು ಬದಲಿಸಬೇಕೆಂದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಫಿಟ್ಟಿಂಗುಗಳು ಮಾತ್ರ ದುಬಾರಿ. ತಾಮ್ರಕ್ಕೆ ತುಕ್ಕಿನ ಪುಡಿಯ ಕಾಟವಿಲ್ಲ, ಒಳಮೈ ನುಣುಪು, ಬಿಸಿ ಗಾಳಿಯನ್ನು ಬೇಗ ತಣಿಸುತ್ತದೆ. ಬೆಸುಗೆ ಹಾಕಲು ಬರುವವರಿಗೆ ಇದಕ್ಕಿಂತ ಸೊಗಸಾದ ಕೆಲಸವಿಲ್ಲ. ಜಿಐ ಪೈಪು ಗಟ್ಟಿಯಾದದ್ದು, ಎಲ್ಲೆಡೆ ಸಿಗುವಂಥದ್ದು. ಆದರೆ ಥ್ರೆಡ್ ಕೊರೆದ ಕಡೆ ಸತುವಿನ ಲೇಪ ಹೋಗಿ ಅಲ್ಲಿಂದ ತುಕ್ಕು ಶುರುವಾಗುತ್ತದೆ, ಕೆಲವೊಮ್ಮೆ ಲೇಪವೇ ಹಕ್ಕಳೆಯಾಗಿ ಎದ್ದು ಗಾಳಿಯೊಂದಿಗೆ ಬರುತ್ತದೆ. ಟೈರಿಗೆ ಗಾಳಿ ತುಂಬಲು, ಮೊಳೆ ಹೊಡೆಯುವ ಗನ್ನಿಗೆ ಅಷ್ಟರಿಂದ ಬಾಧಕವಿಲ್ಲ. ನೀವು ಬಣ್ಣದ ಕೆಲಸವನ್ನೂ ಮಾಡುತ್ತೀರಾದ್ದರಿಂದ ನನ್ನ ಒಲವು ತಾಮ್ರದ ಕಡೆಗಿದೆ. ಜಿಐ ಹಾಕಿಸುವುದಾದರೆ ಕತ್ತರಿಸಿದ ತುದಿಗಳ ಒಳಗೆ ಎದ್ದ ಚೂಪು ಅಂಚನ್ನು ಉಜ್ಜಿ ತೆಗೆಸಿ, ಸ್ಪ್ರೇ ಗನ್ನಿನ ಹಿಂದೆ ಒಳ್ಳೆಯ ಫಿಲ್ಟರ್ ಇಡಿ. ಅದೂ ತಪ್ಪು ಆಯ್ಕೆಯೇನಲ್ಲ.

ಅಳತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ಕಂಪ್ರೆಸರಿಗೆ ಅರ್ಧ ಇಂಚು ಸಾಲುತ್ತದೆ, ಮುಕ್ಕಾಲು ಇಂಚು ಇನ್ನೂ ಉತ್ತಮ. ಗಾಳಿ ಸಾಲದು ಎಂಬ ದೂರಿಗೆ ಬಹುತೇಕ ಕಾರಣ ಕೊನೆಯಲ್ಲಿರುವ ಸಪೂರ ಹೋಸ್ ಮತ್ತು ಅದನ್ನು ಸಿಕ್ಕಿಸುವ ಕ್ವಿಕ್ ಕಪ್ಲರ್.

ಯಾವ ಲೋಹ ಎಂಬುದಕ್ಕಿಂತ ಪೈಪನ್ನು ಹೇಗೆ ಓಡಿಸುತ್ತೀರಿ ಎಂಬುದರ ಬಗ್ಗೆ ನಾನು ಹೆಚ್ಚು ಕಾಳಜಿಯಿಂದ ಹೇಳಬೇಕಾಗಿದೆ, ಏಕೆಂದರೆ ಗಾಳಿಯ ಲೈನು ನೀರಿನ ಲೈನೂ ಹೌದು. 30 ಡಿಗ್ರಿ ಉಷ್ಣತೆ, ಶೇಕಡಾ 60ರಷ್ಟು ತೇವಾಂಶವಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ಗೇಜು ತೋರಿಸುವ 8 ಬಾರ್ ಒತ್ತಡಕ್ಕೆ, ವಾತಾವರಣದ ಒಂದು ಬಾರ್ ಸೇರಿ, ಇಂಥ ಒಂಬತ್ತು ಘನ ಮೀಟರ್ ಗಾಳಿ ಒಂದೇ ಘನ ಮೀಟರಿನಲ್ಲಿ ಅಡಕವಾಗುತ್ತದೆ. ತಣಿದ ಮೇಲೆ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚುಕಡಿಮೆ 30 ಗ್ರಾಂ ಮಾತ್ರ. ಉಳಿದ 130 ಗ್ರಾಂ ನೀರಾಗಿ ಇಳಿಯಲೇಬೇಕು. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ 200 ಲೀಟರ್ ಗಾಳಿ ಎಳೆಯುತ್ತದೆ ಎಂದಿಟ್ಟುಕೊಂಡರೆ, ಮುಕ್ಕಾಲು ಗಂಟೆ ಓಡುವಷ್ಟರಲ್ಲಿ ಒಂದು ದೊಡ್ಡ ಲೋಟದ ಅರ್ಧದಷ್ಟು ನೀರು ಟ್ಯಾಂಕು ಅಥವಾ ಪೈಪಿನಲ್ಲಿ ಎಲ್ಲೋ ಒಂದು ಕಡೆ ನಿಂತಿರುತ್ತದೆ.

ನನ್ನ ಮೊದಲ ಲೈನಿನಲ್ಲಿ ಮುಖ್ಯ ಪೈಪಿನ ತಳಭಾಗದಿಂದಲೇ ನೇರವಾಗಿ ಟೀ (ಕವಲು ತೆಗೆಯುವ T ಆಕಾರದ ಜೋಡಣೆ) ಇಳಿಸಿದ್ದೆ. ಕಪಾಟಿನ ಬಾಗಿಲಿಗೆ ಕೊನೆಯ ಕೋಟ್ ಹೊಡೆಯುತ್ತಿದ್ದಾಗ ಗನ್ನು ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ, ಹೊಳೆಯುತ್ತಿದ್ದ ವಾರ್ನಿಷಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಹನಿಗಳನ್ನು ಉಗುಳಿತು; ಪ್ರತಿ ಹನಿಯ ಸುತ್ತ ಬಣ್ಣ ಸರಿದು ಗುಳಿ ಬಿದ್ದಿತು. ಇಡೀ ಬಾಗಿಲನ್ನು ಮತ್ತೆ ಉಜ್ಜಬೇಕಾಯಿತು. ಆದ್ದರಿಂದ ಮುಖ್ಯ ಪೈಪನ್ನು ಕಂಪ್ರೆಸರಿನಿಂದ ದೂರಕ್ಕೆ ಹೋದಂತೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರಾಗಿಸಿ. ಪ್ರತಿ ಕವಲನ್ನೂ ಪೈಪಿನ ಮೇಲ್ಭಾಗದಿಂದ ಎತ್ತಿ, ಬಾಗಿಸಿ, ಆಮೇಲೆ ಗೋಡೆಗುಂಟ ಇಳಿಸಿ. ಹೀಗೆ ಮಾಡಿದರೆ ತಳದಲ್ಲಿ ಹರಿಯುವ ನೀರು ಕವಲಿಗೆ ಸೇರದೆ ಮುಂದಕ್ಕೆ ಹೋಗುತ್ತದೆ. ಹೋಸ್ ಸಿಕ್ಕಿಸುವ ಜಾಗದಿಂದ ಕೆಳಕ್ಕೂ ಒಂದು ಗೇಣು ಪೈಪು ಬಿಟ್ಟು, ತುದಿಗೆ ಬಾಲ್ ವಾಲ್ವ್ ಹಾಕಿ, ಕೆಲಸ ಮುಗಿದ ಮೇಲೆ ಅದನ್ನು ತೆರೆದು ನೀರು ಬಿಡಿ. ಮುಖ್ಯ ಪೈಪಿನ ಕೊನೆಗೂ ಇಂಥದೇ ಒಂದು ವಾಲ್ವ್ ಬೇಕು. ಫಿಲ್ಟರನ್ನು ಕಂಪ್ರೆಸರಿಗೆ ಅಂಟಿದಂತೆ ಇಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಬಿಸಿ ಗಾಳಿಯಲ್ಲಿ ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಗಾಳಿ ಏಳೆಂಟು ಮೀಟರ್ ಲೋಹದ ಪೈಪಿನಲ್ಲಿ ಹರಿದು ತಣಿದ ನಂತರದ ಜಾಗವೇ ಫಿಲ್ಟರಿಗೆ ತಕ್ಕದ್ದು.

ಟ್ಯಾಂಕಿನ ಬಾಯಿಗೊಂದು ಬಾಲ್ ವಾಲ್ವ್, ಅಲ್ಲಿಂದ ಗೋಡೆಯ ಪೈಪಿಗೆ ಗಾಳಿಗೆಂದೇ ತಯಾರಾದ ತುಂಡು ಹೋಸ್ ಇರಲಿ. ಅದಿಲ್ಲದಿದ್ದರೆ ಕಂಪ್ರೆಸರಿನ ನಡುಕವೆಲ್ಲ ಮೊದಲ ಜಾಯಿಂಟಿಗೆ ಬಡಿದು, ಕಾಲಕ್ರಮದಲ್ಲಿ ಅದು ಬಿರುಕು ಬಿಡುತ್ತದೆ.

ಪ್ರಶ್ನೆ: ನಡುವೆ ಅಲ್ಯೂಮಿನಿಯಂ ಪದರವಿರುವ, ಕೈಯಲ್ಲೇ ಬಾಗುವ ಪ್ಲಾಸ್ಟಿಕ್ ಪೈಪು ಬಳಸಬಹುದೇ? ಲೈನು ಮುಗಿದ ಮೇಲೆ ಪರೀಕ್ಷೆ ಹೇಗೆ?

ಉತ್ತರ: ತಯಾರಕರು ಒತ್ತಡದ ಗಾಳಿಗೆ ಯೋಗ್ಯವೆಂದು ಬರಹದಲ್ಲಿ ನಮೂದಿಸಿ, ಉಷ್ಣತೆ ಮತ್ತು ಒತ್ತಡದ ಮಿತಿಯನ್ನು ಕೊಟ್ಟಿದ್ದರೆ ಬಳಸಬಹುದು. ನೀರಿಗೆ ಎಂದಷ್ಟೇ ಬರೆದಿದ್ದರೆ ಬೇಡ; ಅಂಗಡಿಯವರ ಬಾಯಿಮಾತು ಇಲ್ಲಿ ಸಾಲದು. ಬಿಸಿಯನ್ನು ಪ್ಲಾಸ್ಟಿಕ್ ಬೇಗ ಹೊರಬಿಡದ ಕಾರಣ ಗಾಳಿ ಅದರಲ್ಲಿ ನಿಧಾನವಾಗಿ ತಣಿಯುತ್ತದೆ ಎಂಬುದೂ ನೆನಪಿರಲಿ.

ಪರೀಕ್ಷೆಯನ್ನು ಒಮ್ಮೆಗೇ 8 ಬಾರ್‌ನಲ್ಲಿ ಮಾಡಬೇಡಿ. ಕಣ್ಣಿಗೆ ಕನ್ನಡಕ ಧರಿಸಿ, ಮೊದಲು 2 ಬಾರ್‌ಗೆ ಏರಿಸಿ ಪ್ರತಿ ಜಾಯಿಂಟಿಗೂ ಸೋಪಿನ ನೀರು ಸವರಿ ನೋಡಿ. ಗುಳ್ಳೆ ಎದ್ದ ಕಡೆ ಒತ್ತಡ ಪೂರ್ತಿ ಇಳಿಸಿದ ಮೇಲೆಯೇ ಬಿಗಿ ಮಾಡಿ, ಅನಂತರ ಹಂತ ಹಂತವಾಗಿ ಏರಿಸಿ. ಸೋರಿಕೆಯನ್ನು ಸಣ್ಣದೆಂದು ಬಿಡಬೇಡಿ: ಒಂದು ಮಿಲಿಮೀಟರ್ ತೂತಿನಿಂದ ಈ ಒತ್ತಡದಲ್ಲಿ ನಿಮಿಷಕ್ಕೆ 60ರಿಂದ 80 ಲೀಟರ್ ಗಾಳಿ ಪೋಲಾಗುತ್ತದೆ, ಅದು ನಿಮ್ಮ ಕಂಪ್ರೆಸರಿನ ದುಡಿಮೆಯ ಮೂರನೇ ಒಂದು ಭಾಗ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತುವಾಗ ತುದಿಯ ಒಂದು ಸುತ್ತನ್ನು ಬರಿದಾಗಿ ಬಿಡಿ. ಒಳಗೆ ಚಾಚಿದ ಟೇಪಿನ ಎಳೆ ಕಿತ್ತು ಬಂದು ಒತ್ತಡ ಹೊಂದಿಸುವ ರೆಗ್ಯುಲೇಟರಿನಲ್ಲಿ ಸಿಕ್ಕಿಕೊಳ್ಳುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.